ಸ್ಕ್ರಿಪ್ಟ್ ಬಾರದ ಪುಟ, ನಾನು ಬರೆದ ಪರೀಕ್ಷೆ

ಹೋದ ತಿಂಗಳು ನಾನೊಂದು ಪರೀಕ್ಷೆ ಬರೆದೆ. ಅದು ಪರೀಕ್ಷೆ ಅಂತ ಯಾರೂ ನನಗೆ ಹೇಳಿರಲಿಲ್ಲ. ಪ್ರಶ್ನೆಪತ್ರಿಕೆ ಕಳಿಸಿದವಳಿಗೂ ತಾನು ಕಳಿಸಿದ್ದು ಪ್ರಶ್ನೆಪತ್ರಿಕೆ ಅಂತ ಗೊತ್ತಿರಲಿಲ್ಲ.

ಕುಣಿಗಲ್‌ನ ಪಿಯು ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ನಾನು, ದಿನಾ ತುಮಕೂರಿನ ಶೆಟ್ಟಿಹಳ್ಳಿಯಿಂದ ಬಸ್ಸಿನಲ್ಲಿ ಓಡಾಡುವುದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. (ಬಸ್ಸಿನ ಪುರಾಣ ಜಾಸ್ತಿಯಾಯಿತು ಅಂತ ಒಬ್ಬರು ಫೋನ್ ಮಾಡಿ ಹೇಳಿದ್ದರು. ಏನು ಮಾಡಲಿ ಹೇಳಿ, ನನ್ನ ಅರ್ಧ ಆಯಸ್ಸು ಅದರಲ್ಲೇ ಕಳೆಯುತ್ತಿದೆ.) ಈ ಸಲವೂ ಕಥೆ ಶುರುವಾಗುವುದು ಬಸ್ಸಿನಲ್ಲೇ. ಆದರೆ ಕಥೆಯ ನಾಯಕಿ ನಾನಲ್ಲ, ನನ್ನ ಚಿಕ್ಕಮ್ಮನ ಮಗಳು ಸವಿತಾ.

ಸವಿತಾ ಗುಬ್ಬಿಯಲ್ಲಿದ್ದಾಳೆ. ಗಂಡ ಮಂಜುನಾಥ ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಇವಳು ಮಹಡಿ ಮೇಲಿನ ರೂಮಿನಲ್ಲಿ ಕೂತು ಯಾವುದೋ ಕಂಪನಿಗೆ ವೆಬ್‌ಸೈಟ್ ಕೆಲಸ ಮಾಡುತ್ತಾಳೆ. ಅದು ಹೊಟ್ಟೆಪಾಡಿನ ಕೆಲಸ. ಅದರ ಜೊತೆಗೆ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದಾಳೆ. ಅದಕ್ಕೆ ಸಂಬಳವಿಲ್ಲ, ಊಟವಿಲ್ಲ, ಶಾಲು ಹಾರವಂತೂ ಇಲ್ಲವೇ ಇಲ್ಲ.

ಏನು ಆ ಕೆಲಸ? ನಿಯಮ ಬರೆಯುವುದು.

ನಿಮ್ಮ ಫೋನಿನಲ್ಲಿ ಕನ್ನಡ ಬರುತ್ತದಲ್ಲ, ಅದು ಹೇಗೆ ಬರಬೇಕು ಅನ್ನುವುದಕ್ಕೆ ಯಾರಾದರೂ ನಿಯಮ ಬರೆದಿರಬೇಕು ಅಂತ ಎಂದಾದರೂ ಯೋಚಿಸಿದ್ದೀರಾ? ನಾನಂತೂ ಯೋಚಿಸಿರಲಿಲ್ಲ. ಕೆಲವು ಆ್ಯಪ್‌ಗಳಲ್ಲಿ ‘ಒಪ್ಪಿಗೆ’ ಅನ್ನುವ ಗುಂಡಿ ಇರುತ್ತೆ. ಅದರಲ್ಲಿ ಪ ಕೆಳಗಿನ ಒತ್ತು ಅರ್ಧ ಕತ್ತರಿಸಿ ಹೋಗಿರುತ್ತೆ. ನಾವು ಕಣ್ಣು ಕಿರಿದು ಮಾಡಿ, ಅಂದಾಜಿನ ಮೇಲೆ ಒಪ್ಪಿಗೆ ಕೊಟ್ಟು ಮುಂದೆ ಹೋಗುತ್ತೇವೆ. ಇಂಗ್ಲಿಷ್ ಅಕ್ಷರಕ್ಕೆ ಅಂತ ಅಳತೆ ಮಾಡಿ ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸಿದರೆ ಹೀಗೇ ಆಗುವುದು. ಕನ್ನಡಕ್ಕೆ ಕೆಳಗೂ ಜಾಗ ಬೇಕು, ಅಲ್ಲಿ ಒತ್ತಕ್ಷರಗಳು ವಾಸ ಮಾಡುತ್ತವೆ ಅಂತ ಬ್ರೌಸರ್ ಮಾಡುವವರಿಗೆ ಯಾರಾದರೂ ಬರೆದು ಕೊಡಬೇಕಲ್ಲ?

ಹಾಗೆ ಬರೆದು ಕೊಡುವ ಒಂದು ಗುಂಪಿದೆ. ಲೋಕದ ನಾನಾ ಮೂಲೆಯವರು ಅದರಲ್ಲಿದ್ದಾರೆ. ವೆಬ್ ಹೇಗಿರಬೇಕು ಅನ್ನುವ ದಸ್ತಾವೇಜುಗಳನ್ನು ಬರೆದು, ಚರ್ಚಿಸಿ, ಜಗಳವಾಡಿ, ಕೊನೆಗೆ ಒಂದು ದಿನ ತಾರೀಖು ಹಾಕಿ ಪ್ರಕಟಿಸುತ್ತಾರೆ. ಅಂಥ ಒಂದು ದಸ್ತಾವೇಜಿನಲ್ಲಿ ಕನ್ನಡದ ಅಧ್ಯಾಯ ಸವಿತಾಳದ್ದು. ಎರಡು ವರ್ಷದ ಶ್ರಮ. ಮನೆಯವರ ಕಣ್ಣಿಗೆ ಮಾತ್ರ ಅವಳು ‘ಮೇಲೆ ಕೂತು ಏನೋ ಕುಟ್ತಾ ಇರ್ತಾಳೆ’.

ಒಂದು ಗುರುವಾರ ಅವಳ ಫೋನ್ ಬಂತು. ದನಿಯಲ್ಲಿ ಸಿಟ್ಟಿತ್ತು. ಗುಂಪಿನಲ್ಲಿ ಒಬ್ಬರು ಹಿರಿಯರಿದ್ದಾರಂತೆ, ಎಲ್ಲೋ ಹಿಮ ಬೀಳುವ ದೇಶದವರು. ಇವಳ ಅಧ್ಯಾಯಕ್ಕೆ ತಕರಾರು ತೆಗೆದಿದ್ದಾರಂತೆ. ತಕರಾರು ಏನು ಅಂದರೆ, ಪುಟದಲ್ಲಿ ಜಾವಾಸ್ಕ್ರಿಪ್ಟ್ ಇದೆ, ಹಾಗೇ ಪ್ರಕಟಿಸೋಕಾಗಲ್ಲ ಅಂತ. ಆ ಹಿರಿಯರು ಎಲ್ಲದಕ್ಕೂ ಬೇಡ ಅನ್ನುವುದರಿಂದ ಸವಿತಾ ಮತ್ತು ಮಂಜುನಾಥ ಸೇರಿ ಅವರಿಗೆ ‘ಬೇಡಪ್ಪ’ ಅಂತ ನಾಮಕರಣ ಮಾಡಿದ್ದರು.

ಜಾವಾಸ್ಕ್ರಿಪ್ಟ್ ಅಂದರೇನು ಅಂತ ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಅವಳು ಹೇಳಿದ್ದು ಇಷ್ಟು. ವೆಬ್ ಪುಟದಲ್ಲಿ ಬರೀ ಬರಹ ಇದ್ದರೆ ಅದು ಸುಮ್ಮನೆ ಕೂತಿರುತ್ತೆ. ಅದು ಕುಣಿಯಬೇಕು, ತೆರೆದುಕೊಳ್ಳಬೇಕು, ಗುಂಡಿ ಒತ್ತಿದರೆ ಬದಲಾಗಬೇಕು ಅಂದರೆ ಒಳಗೊಂದು ಪುಟ್ಟ ಪ್ರೋಗ್ರಾಂ ಓಡಬೇಕು. ಅದೇ ಜಾವಾಸ್ಕ್ರಿಪ್ಟ್. ಈಗ ಅದಿಲ್ಲದ ವೆಬ್‌ಸೈಟ್ ಹುಡುಕಿದರೂ ಸಿಗಲ್ಲ. ಅಂಥಾದ್ದರಲ್ಲಿ ವೆಬ್‌ನ ನಿಯಮ ಬರೆಯುವವರೇ ತಮ್ಮ ಪುಟದಲ್ಲಿ ಅದು ಬೇಡ ಅಂದರೆ? ಹೋಟೆಲ್ ನಡೆಸುವವನು ತನ್ನ ಮನೆಯಲ್ಲಿ ಒಲೆ ಹಚ್ಚಬಾರದು ಅಂದ ಹಾಗಾಯ್ತಲ್ಲ?

ಸವಿತಾಳ ಮುಂದೆ ಇದ್ದದ್ದು ಎರಡೇ ದಾರಿ. ಬೇಡಪ್ಪನವರು ಹೇಳಿದ ಹಾಗೆ ತಿದ್ದಬೇಕು. ಇಲ್ಲವೇ ಬೇಡಪ್ಪನವರ ತಕರಾರಿನಲ್ಲಿ ಹುರುಳಿಲ್ಲ ಅಂತ ಮುಂದಿನ ಆನ್‌ಲೈನ್ ಮೀಟಿಂಗ್‌ನಲ್ಲಿ ತೋರಿಸಬೇಕು. ಎರಡೂ ಆಗದಿದ್ದರೆ ಕನ್ನಡದ ಅಧ್ಯಾಯ ಬಿಟ್ಟು ಮಿಕ್ಕಿದ್ದನ್ನು ಪ್ರಕಟಿಸುತ್ತಾರೆ. ಮತ್ತೆ ಯಾವಾಗ ಅವಕಾಶ? ಮುಂದಿನ ಆವೃತ್ತಿ ಬಂದಾಗ. ಅದು ಯಾವಾಗ ಬರುತ್ತೋ ಯಾರಿಗೂ ತಿಳಿಯದು. ಅಲ್ಲಿಯವರೆಗೆ ನಮ್ಮ ಒಪ್ಪಿಗೆಯ ಒತ್ತು ಕತ್ತರಿಸಿಕೊಂಡೇ ಇರಬೇಕು.

‘ನಾನು ತಿದ್ದಲ್ಲ ಕಣಕ್ಕ’ ಅಂದಳು ಸವಿತಾ. ‘ಆ ಅಧ್ಯಾಯಕ್ಕೆ ಉದಾಹರಣೆಗಳೇ ಜೀವ. ನಿನಗೆ ಲಿಂಕ್ ಕಳಿಸ್ತೀನಿ, ಓದು. ಕಂಪ್ಯೂಟರ್ ಗೊತ್ತಿಲ್ದೇ ಇರೋ ನಮ್ಮಕ್ಕಂಗೇ ಅರ್ಥ ಆಯ್ತು ಅಂತ ಮೀಟಿಂಗ್‌ನಲ್ಲಿ ಹೇಳ್ತೀನಿ. ಭಾನುವಾರ ಮನೆಗೆ ಬಂದ್ಬಿಡು.’

(ಕಂಪ್ಯೂಟರ್ ಗೊತ್ತಿಲ್ಲದ ಅಕ್ಕ. ಇರಲಿ, ಇದ್ದದ್ದನ್ನೇ ಅಂದಿದ್ದಾಳೆ.)

ಅದೇ ಲಿಂಕನ್ನು ಅವಳು ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೂ ಹಾಕಿದಳು. ಹಾಕಿದ್ದೇ ತಡ, ಚೇಳೂರಿನ ಅವಳ ಮಾವನವರು ಕೈ ಮುಗಿದರು. ದೊಡ್ಡಪ್ಪ ಹೆಬ್ಬೆಟ್ಟು ಎತ್ತಿದರು. ಇನ್ನೊಬ್ಬರು ‘ಸೂಪರ್ ಸವಿ, ಕೀಪ್ ಇಟ್ ಅಪ್’ ಅಂದರು. ಪುಟ ತೆರೆಯುವಷ್ಟು ಹೊತ್ತಾದರೂ ಬಿಟ್ಟು ಹೆಬ್ಬೆಟ್ಟು ಎತ್ತಬಾರದಾ? ನಮ್ಮಲ್ಲಿ ಮೆಚ್ಚುವುದಕ್ಕೆ ಓದಬೇಕು ಅನ್ನುವ ಕಟ್ಟುಪಾಡು ಹೋಗಿ ಬಹಳ ಕಾಲವಾಯಿತು.

ನಾನು ಮಾರನೆಯ ದಿನ ಬಸ್ಸಿನಲ್ಲಿ ತೆರೆದೆ. ಹೆಬ್ಬೂರು ದಾಟಿದ ಮೇಲೆ ಒಂದಷ್ಟು ದೂರ ಸಿಗ್ನಲ್ ಇದ್ದರೂ ಇಲ್ಲ ಅನ್ನುವ ಹಾಗಿರುತ್ತೆ, ದಿನಾ ಓಡಾಡುವವರಿಗೆಲ್ಲ ಗೊತ್ತು. ಪುಟ ತಿಣುಕಿ ತಿಣುಕಿ ಬಂತು. ಇಂಗ್ಲಿಷಿನಲ್ಲಿತ್ತು. ಕನ್ನಡದ ಲಿಪಿ ಹೀಗಿದೆ, ಅಕ್ಷರಗಳು ಹೀಗೆ ಕೂಡುತ್ತವೆ ಅಂತ ಶುರುವಾಗಿ ಒಂದೊಂದೇ ನಿಯಮ. ನಿಯಮದ ಕೆಳಗೆ ‘ಉದಾಹರಣೆ ಒಂದು’. ಅದರ ಕೆಳಗೆ ಒಂದು ಖಾಲಿ ಡಬ್ಬ, ಸುತ್ತ ಗೆರೆ. ಆಮೇಲೆ ಇನ್ನೊಂದು ನಿಯಮ. ‘ಉದಾಹರಣೆ ಎರಡು’. ಇನ್ನೊಂದು ಖಾಲಿ ಡಬ್ಬ.

ಈಗ ನೀವೇ ಹೇಳಿ. ಇಷ್ಟು ವರ್ಷ ಮೇಷ್ಟ್ರಗಿರಿ ಮಾಡಿದವಳ ಮುಂದೆ ಒಂದು ನಿಯಮ, ಕೆಳಗೆ ‘ಉದಾಹರಣೆ’ ಅನ್ನುವ ಪದ, ಅದರ ಕೆಳಗೆ ನೀಟಾದ ಖಾಲಿ ಜಾಗ ಇಟ್ಟರೆ ಅವಳಿಗೆ ಏನು ಅನ್ನಿಸಬೇಕು?

ಬಿಟ್ಟ ಸ್ಥಳ ತುಂಬಿರಿ ಅಂತಲೇ ಅನ್ನಿಸಿತು.

ಆಹಾ, ಅಂದುಕೊಂಡೆ. ಹುಡುಗಿ ಜಾಣೆ. ನಿಯಮ ತಾನು ಬರೆದು, ಉದಾಹರಣೆ ಕನ್ನಡದ ಮೇಡಂ ಕೈಲಿ ಬರೆಸೋಣ ಅಂತ ಬಿಟ್ಟಿದ್ದಾಳೆ. ನೇರವಾಗಿ ಕೇಳೋಕೆ ಸಂಕೋಚ, ಅದಕ್ಕೇ ಉದಾಹರಣೆಗಳೇ ಜೀವ ಅಂತ ಫೋನಿನಲ್ಲಿ ಸುಳಿವು ಕೊಟ್ಟಿದ್ದಾಳೆ. ನನಗೆ ಸ್ವಲ್ಪ ಹೆಮ್ಮೆಯೂ ಆಯಿತು ಅನ್ನಿ. ಕಾಲೇಜಿಗೆ ಹೋದವಳೇ ಫ್ರೀ ಪೀರಿಯಡ್‌ನಲ್ಲಿ ಸ್ಟಾಫ್ ರೂಮಿನ ಮೂಲೆ ಹಿಡಿದೆ. ಬಸ್ಸಿನಲ್ಲಿ ಬಂದ ಪುಟ ಫೋನಿನಲ್ಲಿ ಹಾಗೇ ನಿಂತಿತ್ತು. ಬಿಳಿ ಹಾಳೆ ತೆಗೆದುಕೊಂಡು, ಒಂದೊಂದೇ ನಿಯಮ ಓದಿ, ಅದು ಹೇಳಿದ ಹಾಗೆ ಡಬ್ಬ ಬರೆದು, ಒಳಗೆ ಅಕ್ಷರ ತುಂಬಿದೆ. ಸ್ಕೇಲು, ಪೆನ್ಸಿಲ್ಲು, ರಬ್ಬರು ಎಲ್ಲ ಹೊರಬಂದವು. ಇತಿಹಾಸದ ಮೇಡಂ ಬಂದು ಇದೇನು, ಚಿತ್ರಕಲೆ ಕ್ಲಾಸಾ ಅಂತ ಕೇಳಿ ಹೋದರು.

ಒಂದು ನಿಯಮ ಅಂಗಡಿ ಬೋರ್ಡಿನ ಹಾಗೆ ಅಕ್ಷರಗಳನ್ನು ಒಂದರ ಕೆಳಗೊಂದು ಬರೆಯುವುದರ ಬಗ್ಗೆ. ಒತ್ತು ತನ್ನ ಮೇಲಿನ ಅಕ್ಷರ ಬಿಟ್ಟು ಕೆಳಗಿನ ಮನೆಗೆ ಇಳಿಯಬಾರದು ಅಂತ ಸ್ಪಷ್ಟವಾಗಿ ಬರೆದಿದ್ದಳು. ನಾನು ‘ಸ್ಟೋರ್ಸ್’ ಅಂತ ಬರೆದೆ. ಮೇಲಿನ ಮನೆಯಲ್ಲಿ ಸ್ಟೋ, ಕೆಳಗಿನ ಮನೆಯಲ್ಲಿ ರ್ಸ್. ಸಲೀಸಾಗಿತ್ತು.

ಇನ್ನೊಂದು ನಿಯಮ, ಪ್ಯಾರಾ ಶುರುವಾಗುವಾಗ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆಯುತ್ತಾರಲ್ಲ, ಅದರ ಬಗ್ಗೆ. ದೊಡ್ಡ ಅಕ್ಷರ ಮೂರು ಸಾಲಿನಷ್ಟು ಎತ್ತರ ಇರಬೇಕು, ಉದಾಹರಣೆಯಲ್ಲಿ ತೋರಿಸಿದಂತೆ ಅಂತಿತ್ತು. ತೋರಿಸಿರಲಿಲ್ಲ. ಸರಿ, ನಾನೇ ತೋರಿಸೋಣ ಅಂತ ಮದುವೆ ಕಾರ್ಡಿನ ಹಾಗೆ ದೊಡ್ಡ ‘ಶ್ರೀ’ ಬರೆದೆ. ಮೂರು ಸಾಲಿನ ಎತ್ತರಕ್ಕೆ ಸರಿಯಾಗಿ ನಿಲ್ಲಿಸಿದೆ. ಕೆಳಗಿನ ರ ಒತ್ತು ನಾಲ್ಕನೇ ಸಾಲಿನೊಳಗೆ ಇಳಿದು, ಅಲ್ಲಿದ್ದ ಪದದ ಮೇಲೆ ಕಾಲಿಟ್ಟಿತು. ನೋಡೋಕೆ ಚೆನ್ನಾಗಿರಲಿಲ್ಲ. ಆದರೆ ನಿಯಮ ಹೇಳಿದ್ದೇ ಹಾಗಲ್ಲವಾ? ಸರ್ಕಾರಿ ನೌಕರಿಯವಳು ನಾನು, ನಿಯಮ ಹೇಳಿದಷ್ಟೇ ಮಾಡಿದೆ.

ಭಾನುವಾರ ಗುಬ್ಬಿಗೆ ಹೋದೆ. ಮಂಜುನಾಥ ಚೇಳೂರಿನಿಂದ ತಂದಿದ್ದ ಎಳನೀರು ಕೊಚ್ಚಿ ಕೊಟ್ಟು, ರಜೆ ದಿನ ಅಡುಗೆ ತನ್ನದು ಅಂತ ಒಳಗೆ ಹೋದ. ನಾನು ಬ್ಯಾಗಿನಿಂದ ಹಾಳೆ ತೆಗೆದು ಸವಿತಾಳ ಮುಂದೆ ಇಟ್ಟೆ. ನೀನು ಹೇಳಿದ ಕೆಲಸ ಆಯ್ತು ಕಣೇ, ಎಲ್ಲ ಡಬ್ಬಾನೂ ತುಂಬಿದೀನಿ ಅಂದೆ.

ಅವಳಿಗೆ ಅರ್ಥವಾಗಲಿಲ್ಲ. ಯಾವ ಡಬ್ಬ ಅಂದಳು. ಫೋನ್ ತೆಗೆದು ತೋರಿಸಿದೆ. ಅವಳ ಮನೆ ವೈಫೈಗೆ ಸೇರಿ ಪುಟ ಮತ್ತೆ ಲೋಡಾಗಿಬಿಟ್ಟರೆ ನನ್ನ ಮಾನ ಹೋಗುತ್ತಿತ್ತೋ ಏನೋ. ಪುಣ್ಯಕ್ಕೆ ಸ್ಟಾಫ್ ರೂಮಿನಲ್ಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೆ. ಒಂದಾದ ಮೇಲೊಂದು ಖಾಲಿ ಡಬ್ಬ.

ಸವಿತಾ ಮೊದಲು ನಕ್ಕಳು. ಹೊಟ್ಟೆ ಹಿಡಿದು ನಕ್ಕಳು. ಅಡುಗೆಮನೆಗೆ ಕೇಳಿಸುವ ಹಾಗೆ, ‘ರೀ, ಅಕ್ಕ ನನ್ನ ಡಾಕ್ಯುಮೆಂಟ್‌ಗೆ ಎಕ್ಸಾಮ್ ಬರ್ದವ್ಳೆ’ ಅಂದಳು. ಆಮೇಲೆ ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ಪುಟ ತೋರಿಸಿದಳು. ನಾನು ಬೆಪ್ಪಾದೆ. ಡಬ್ಬಗಳು ಖಾಲಿ ಇರಲಿಲ್ಲ. ಪ್ರತಿಯೊಂದರಲ್ಲೂ ಚೆಂದದ ಕನ್ನಡ. ಒಂದು ಗುಂಡಿ ಒತ್ತಿದರೆ ಸಾಲುಗಳ ನಡುವೆ ಜಾಗ ಹಿಗ್ಗುತ್ತೆ, ಇನ್ನೊಂದು ಒತ್ತಿದರೆ ಕುಗ್ಗುತ್ತೆ, ಒತ್ತಕ್ಷರ ಎಲ್ಲಿ ಮುಟ್ಟುತ್ತೆ ಅನ್ನುವುದು ಕೆಂಪಾಗಿ ಕಾಣುತ್ತೆ. ಇಷ್ಟು ಚೆನ್ನಾಗಿ ಮಾಡಿದ್ದಾಳಲ್ಲ ಅಂತ ನನಗೆ ನಿಜವಾಗಿ ಖುಷಿಯಾಯಿತು. ಕ್ಲಾಸಿನಲ್ಲಿ ನಾನು ಬೋರ್ಡಿನ ಮೇಲೆ ಬರೆದು ಅಳಿಸಿ ಹೇಳುವುದನ್ನು ಇವಳು ಬೆರಳ ತುದಿಗೆ ತಂದಿಟ್ಟಿದ್ದಳು.

ಹಾಗಾದರೆ ನನಗೆ ಯಾಕೆ ಕಾಣಲಿಲ್ಲ?

ಸವಿತಾ ಬಿಡಿಸಿ ಹೇಳಿದಳು. ಪುಟದ ಬರಹ ಬಸ್ಸಿನವರೆಗೆ ಬಂದಿತ್ತು. ಉದಾಹರಣೆಗಳನ್ನು ಡಬ್ಬದೊಳಗೆ ತಂದು ಹಾಕಬೇಕಿದ್ದ ಸ್ಕ್ರಿಪ್ಟ್ ಬಂದಿರಲಿಲ್ಲ. ಮದುವೆ ಮನೆಯಲ್ಲಿ ಎಲೆ ಹಾಕಿ ಆಯ್ತು, ಬಡಿಸುವವರೇ ಬರಲಿಲ್ಲ ಅನ್ನುವ ಹಾಗೆ. ನಾನು ಪಾಪ, ಎಲೆ ಮುಂದೆ ಕೂತು, ಊಟ ನಾವೇ ತರಬೇಕೇನೋ ಅಂದುಕೊಂಡು ಮನೆಯಿಂದ ತಂದಿದ್ದನ್ನು ಬಡಿಸಿಕೊಂಡಿದ್ದೆ.

ಇದನ್ನು ಹೇಳಿ ನಾನೂ ನಗುತ್ತಿದ್ದೆ. ಸವಿತಾಳ ನಗು ನಿಂತುಹೋಗಿತ್ತು. ಅವಳು ನನ್ನ ಸ್ಕ್ರೀನ್‌ಶಾಟನ್ನೇ ನೋಡುತ್ತಿದ್ದಳು.

‘ಬೇಡಪ್ಪ ಇದನ್ನೇ ಹೇಳಿದ್ದು ಕಣಕ್ಕ’ ಅಂದಳು. ‘ಸ್ಕ್ರಿಪ್ಟ್ ಆಫ್ ಮಾಡಿ ನೋಡಿದೆ, ನಿಮ್ಮ ಅಧ್ಯಾಯದಲ್ಲಿ ಬರೀ ಖಾಲಿ ಡಬ್ಬ ಇದಾವೆ ಅಂದ್ರು. ಈ ಕಾಲದಲ್ಲಿ ಸ್ಕ್ರಿಪ್ಟ್ ಆಫ್ ಮಾಡ್ಕೊಂಡು ಯಾರು ಓದ್ತಾರೆ ಅಂತ ನಾನು ಜಗಳ ಆಡಿದೆ. ನಮ್ಮಕ್ಕನೇ ಹಂಗೆ ಓದವ್ಳೆ ನೋಡು.’

ಅವಳ ಕಣ್ಣಲ್ಲಿ ನೀರಿತ್ತು. ನನಗೆ ಸಂಕಟವಾಯಿತು. ಸಹಾಯ ಮಾಡೋಕೆ ಅಂತ ಬಂದವಳು ಅವಳ ಎದುರಾಳಿಗೆ ಸಾಕ್ಷಿ ಹೇಳಿದ ಹಾಗಾಯಿತಲ್ಲ. ನಾನು ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಳ್ಳೋಕೆ ಹೋದೆ. ನಾನು ಬಸ್ಸಿನಲ್ಲಿ ನೋಡಿದ್ದೇ ತಪ್ಪು, ಮನೆಯಲ್ಲಿ ನೋಡಬೇಕಿತ್ತು ಅಂದೆ. ಅವಳು ಹಾಳೆ ಬಿಡಲಿಲ್ಲ. ಮೇಜಿನ ಮೇಲೆ ಹರಡಿಕೊಂಡು, ನನ್ನ ಪೆನ್ಸಿಲ್ ಡಬ್ಬಗಳನ್ನೂ ತನ್ನ ಲ್ಯಾಪ್‌ಟಾಪಿನ ಡಬ್ಬಗಳನ್ನೂ ಅಕ್ಕಪಕ್ಕ ಇಟ್ಟು ಹೋಲಿಸತೊಡಗಿದಳು.

ಅಲ್ಲಿಂದ ಮುಂದೆ ನಡೆದದ್ದಕ್ಕೇ ನಾನು ಈ ವಾರದ ಅಂಕಣ ಬರೆಯುತ್ತಿರುವುದು.

ಕೆಲವು ಕಡೆ ನನ್ನ ಉದಾಹರಣೆ, ಅವಳ ಉದಾಹರಣೆ ಒಂದೇ ಥರ ಇದ್ದವು. ಪದ ಬೇರೆ, ಕ್ರಮ ಒಂದೇ. ‘ಸ್ಟೋರ್ಸ್’ ಡಬ್ಬದ ಹತ್ತಿರ ಬಂದಾಗ ಅವಳ ಮುಖ ಅರಳಿತು. ಇನ್ನು ಕೆಲವು ಕಡೆ ನನ್ನದು ಪೂರ್ತಿ ಅಡ್ಡದಾರಿ. ‘ಶ್ರೀ’ ಹತ್ತಿರ ಬಂದಾಗ ಅವಳು ಬೆರಳಿಟ್ಟು ನಿಂತಳು. ಅವಳ ಉದಾಹರಣೆಯಲ್ಲಿ ಒತ್ತಿಗೆ ಜಾಗ ಬಿಟ್ಟು ನಾಲ್ಕನೇ ಸಾಲು ಪಕ್ಕಕ್ಕೆ ಸರಿದು ಕೂತಿತ್ತು. ನಾಲ್ಕನೇ ಸಾಲು ಸರಿಯಬೇಕು ಅಂತ ಎಲ್ಲಿ ಬರೆದಿದ್ದೀಯಾ ಅಂತ ನಾನು ಕೇಳಿದೆ. ಅವಳು ಹುಡುಕಿದಳು. ಎಲ್ಲೂ ಬರೆದಿರಲಿಲ್ಲ. ಉದಾಹರಣೆಯಲ್ಲಿ ಕಾಣುತ್ತಲ್ಲ ಅಂತ ಬರೆಯುವುದನ್ನೇ ಬಿಟ್ಟಿದ್ದಳು.

‘ಅಕ್ಕ, ನೀನು ತಪ್ಪು ಬರ್ದಿಲ್ಲ. ನಾನೇ ಹೇಳಿಲ್ಲ’ ಅಂದಳು.

ಯೋಚನೆ ಮಾಡಿ. ಈ ನಿಯಮಗಳನ್ನು ಓದಿ ಬ್ರೌಸರ್ ಮಾಡುವವರು ಯಾರೋ, ಎಲ್ಲಿಯವರೋ. ಅವರಿಗೆ ಕನ್ನಡ ಬರಲ್ಲ. ಒಬ್ಬರಿಗೊಬ್ಬರು ಪರಿಚಯವಿಲ್ಲ. ಬೇರೆ ಬೇರೆ ಊರಿನಲ್ಲಿ ಕೂತು ಓದಿ ಇಬ್ಬರೂ ಒಂದೇ ಥರ ಮಾಡಬೇಕು. ಆಗಷ್ಟೇ ನನ್ನ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಕನ್ನಡ ಒಂದೇ ಥರ ಕಾಣುತ್ತೆ. ಅಂದರೆ ನಿಯಮ ಮಾತಿನಲ್ಲೇ ಪೂರ್ತಿ ಇರಬೇಕು. ಗುಂಡಿ, ಬಣ್ಣ, ಕುಣಿತ ಇವೆಲ್ಲ ಇದ್ದರೆ ಚೆಂದ. ಅವಿಲ್ಲದಿದ್ದರೆ ಅರ್ಥವೇ ಆಗಲ್ಲ ಅನ್ನುವ ಹಾಗಿದ್ದರೆ ಅದು ನಿಯಮವೇ ಅಲ್ಲ, ಬರೀ ಪ್ರದರ್ಶನ.

ಬೇಡಪ್ಪನವರ ಟಿಪ್ಪಣಿಯನ್ನು ಸವಿತಾ ಅವತ್ತು ನನಗೆ ಓದಿ ಹೇಳಿದಳು. ಅವರು ಜಾವಾಸ್ಕ್ರಿಪ್ಟ್ ಕಿತ್ತುಹಾಕಿ ಅಂದೇ ಇರಲಿಲ್ಲ. ಬರೆಯುವಾಗ ಎಷ್ಟು ಬೇಕಾದರೂ ಬಳಸಿ ಅಂದಿದ್ದರು. ಪ್ರಕಟಿಸುವ ಹೊತ್ತಿಗೆ ಸ್ಕ್ರಿಪ್ಟ್ ಮಾಡಿದ ಕೆಲಸವೆಲ್ಲ ಪುಟದಲ್ಲೇ ಅಚ್ಚಾಗಿ ಕೂತಿರಲಿ. ಮೇಲೆ ಗುಂಡಿಗಳನ್ನು ಇಡುವುದಿದ್ದರೆ ಇಡಿ, ಆದರೆ ಆ ಸ್ಕ್ರಿಪ್ಟನ್ನು ಯಾರದೋ ಸೈಟಿನಿಂದ ತರಿಸಬೇಡಿ, ದಸ್ತಾವೇಜಿನ ಜೊತೆಯಲ್ಲೇ ಇಡಿ. ಯಾಕೆಂದರೆ ತಾರೀಖು ಹಾಕಿ ಪ್ರಕಟಿಸಿದ ಮೇಲೆ ಈ ಪುಟವನ್ನು ಯಾರೂ ಮುಟ್ಟುವ ಹಾಗಿಲ್ಲ. ನಾವೆಲ್ಲ ಹೋದ ಮೇಲೂ ಯಾರೋ ಇದನ್ನು ತೆರೆಯುತ್ತಾರೆ. ಇವತ್ತಿನ ಸ್ಕ್ರಿಪ್ಟ್ ಅವತ್ತಿನ ಯಂತ್ರದಲ್ಲಿ ಓಡುತ್ತೋ ಇಲ್ಲವೋ. ಅವರಿಗೆ ಖಾಲಿ ಡಬ್ಬ ಸಿಗಬಾರದು.

ನನಗೆ ಮೈ ಜುಮ್ಮೆಂದಿತು ಅಂದರೆ ನಗಬೇಡಿ. ನಾವು ಹೋದ ಮೇಲೆ ಬರುವ, ಮುಖ ನೋಡಿರದ ಓದುಗನಿಗಾಗಿ ಇವತ್ತು ಸಂಬಳವಿಲ್ಲದೆ ಕೂತು ಜಗಳವಾಡುವ ಜನ ಇದ್ದಾರೆ. ನಮ್ಮ ಸುತ್ತ ಮುತ್ತ ಹೇಗಿದೆ? ರಿಸಲ್ಟ್ ನೋಡೋಣ ಅಂತ ಸೈಟು ತೆರೆದರೆ ಚಕ್ರ ತಿರುಗುತ್ತಾ ಇರುತ್ತೆ. ಪಹಣಿ ತೆಗೆಯೋಣ ಅಂದರೆ ಚಕ್ರ. ಹೋಟೆಲಿಗೆ ಹೋದರೆ ಮೆನು ಇಲ್ಲ, ಗೋಡೆಗೆ ಅಂಟಿಸಿದ ಕೋಡ್ ಸ್ಕ್ಯಾನ್ ಮಾಡಬೇಕು, ಅಲ್ಲೂ ಚಕ್ರ. (ದೋಸೆ ಇದೆಯೋ ಇಲ್ಲವೋ ಅಂತ ತಿಳಿಯೋಕೆ ಇಂಟರ್‌ನೆಟ್ ಬೇಕಾ? ಬಾಯಿ ಇರುವ ಸಪ್ಲೈಯರ್ ಪಕ್ಕದಲ್ಲೇ ನಿಂತಿರುತ್ತಾನೆ.) ನಮ್ಮ ಕಾಲೇಜಿಗೆ ಸ್ಮಾರ್ಟ್ ಬೋರ್ಡ್ ಬಂತು. ಕರೆಂಟ್ ಹೋದ ದಿನ ಕೆಲವರು ಪಾಠವನ್ನೇ ನಿಲ್ಲಿಸಿ ಮಕ್ಕಳಿಗೆ ಓದಿಕೊಳ್ಳಿ ಅಂದರು. ಪಾಠ ಮೇಷ್ಟ್ರ ಬಾಯಲ್ಲಿತ್ತಾ, ಬೋರ್ಡಿನಲ್ಲಿತ್ತಾ?

ವೆಬ್ಬನ್ನು ಕಟ್ಟಿದವರು ಅದರಲ್ಲಿ ಏನೆಲ್ಲ ಕೈಕೊಡುತ್ತೆ ಅಂತ ನಮಗಿಂತ ಚೆನ್ನಾಗಿ ಬಲ್ಲರು. ಅದಕ್ಕೇ ತಮ್ಮ ಮಾತನ್ನು ಮಾತ್ರ ಯಾವುದಕ್ಕೂ ಜೋತುಬೀಳದ ಹಾಗೆ ಬರೆಯುತ್ತಾರೆ. ಇದು ಹಳೇ ಕಾಲದವರ ಹಟ ಅಂತ ಸವಿತಾ ಅಂದುಕೊಂಡಿದ್ದಳು. ನನಗೆ ಅದು ಮರ್ಯಾದೆ ಅನ್ನಿಸಿತು. ಓದುವವನು ಎಂಥ ಫೋನ್ ಹಿಡಿದು, ಎಲ್ಲಿ ಕೂತು ಓದಿದರೂ ಅವನಿಗೆ ಪೂರ್ತಿ ಊಟ ಸಿಗಬೇಕು ಅನ್ನುವ ಮರ್ಯಾದೆ.

ಆದರೆ ಮೀಟಿಂಗ್ ಮುಂದಿನ ವಾರವೇ ಇತ್ತು. ಅಷ್ಟರಲ್ಲಿ ಇಡೀ ಅಧ್ಯಾಯವನ್ನು ಮತ್ತೆ ಬರೆಯಬೇಕು. ಆಗದಿದ್ದರೆ ಕನ್ನಡ ಹೊರಗೆ. ಮಂಜುನಾಥ ಮುದ್ದೆ ಬಡಿಸುತ್ತಾ, ಆಗೋ ಮಾತಾ ಇದು ಅಂದ. ಸವಿತಾ ಊಟ ಮುಗಿಸಿದವಳೇ ನನ್ನ ಹಾಳೆ ಹಿಡಿದುಕೊಂಡು ಮೇಲೆ ಹೋದಳು. ಅವಳು ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದ ನಾನು ಅವಳನ್ನು ಬಲ್ಲೆ. ಸೋತಾಗ ಅಳುತ್ತಾಳೆ, ಆದರೆ ಅತ್ತುಕೊಂಡೇ ಕೆಲಸ ಮಾಡುತ್ತಾಳೆ.

ಆ ವಾರ ಅವಳು ಮಾಡಿದ ಉಪಾಯ ಕೇಳಿ. ಒಂದೊಂದು ನಿಯಮವನ್ನೂ ತಿದ್ದಿ, ಉದಾಹರಣೆ ತೆಗೆದು, ಬರೀ ಮಾತನ್ನು ನನಗೆ ಕಳಿಸುವುದು. ಡಬ್ಬ ಖಾಲಿ. ಈ ಸಲ ಬೇಕು ಅಂತಲೇ ಖಾಲಿ. ನಾನು ಅದನ್ನು ತುಂಬಿ ಫೋಟೊ ಹೊಡೆದು ಕಳಿಸಬೇಕು. ನನ್ನ ಡಬ್ಬ ಅವಳ ಡಬ್ಬಕ್ಕೆ ಹೊಂದಿದರೆ ಆ ನಿಯಮ ಪಾಸು. ಹೊಂದದಿದ್ದರೆ ನಿಯಮ ಫೇಲು, ನಾನಲ್ಲ. (ಇಂಥ ಪರೀಕ್ಷೆ ನಮ್ಮ ಬೋರ್ಡಿನಲ್ಲೂ ಬರಬಾರದಾ ಅಂತ ನಮ್ಮ ಮಕ್ಕಳು ಆಸೆಪಟ್ಟಾರು.)

ನನ್ನೊಬ್ಬಳಿಂದ ಸಾಲಲಿಲ್ಲ. ನನಗೆ ಕನ್ನಡ ಅಕ್ಷರದ ಅಭ್ಯಾಸ ಜಾಸ್ತಿ, ಹೇಳದೇ ಇದ್ದದ್ದನ್ನೂ ಊಹಿಸಿಕೊಂಡುಬಿಡುತ್ತೇನೆ ಅಂತ ಅವಳ ದೂರು. ಆಗ ಇತಿಹಾಸದ ಮೇಡಂ ಸಿಕ್ಕಿಕೊಂಡರು. ಆಮೇಲೆ ಕೇರಳದಿಂದ ಬಂದ, ಕನ್ನಡವನ್ನು ಬೋರ್ಡು ಓದುವಷ್ಟು ಮಾತ್ರ ಕಲಿತ ಫಿಸಿಕ್ಸ್ ಮೇಷ್ಟ್ರು. ಅವರು ಬಹಳ ಗಂಭೀರವಾಗಿ, ಸ್ಕೇಲ್ ಇಟ್ಟು, ನಿಯಮದ ಒಂದೊಂದು ಪದ ನೋಡಿ ನೋಡಿ ಡಬ್ಬ ತುಂಬಿದರು. ಅವರು ತುಂಬಿದ್ದು ಹೊಂದಿತು ಅಂತ ಗೊತ್ತಾದ ದಿನ ಸವಿತಾ ಫೋನಿನಲ್ಲಿ ಕುಣಿದಾಡಿದಳು. ಕನ್ನಡ ಅರೆಬರೆ ಗೊತ್ತಿರುವವರಿಗೇ ಸರಿ ಬಂದ ಮೇಲೆ ಇನ್ಯಾರಿಗೆ ಬಾರದು?

‘ಶ್ರೀ’ ಮಾತ್ರ ಸತಾಯಿಸಿತು. ಅವಳು ತಿದ್ದಿ ಕಳಿಸುತ್ತಾಳೆ, ನಮ್ಮ ಮೂವರದ್ದೂ ಮೂರು ಥರ. ಮತ್ತೆ ತಿದ್ದುತ್ತಾಳೆ, ಈಗ ಎರಡು ಥರ. ಮೀಟಿಂಗ್ ಹತ್ತಿರ ಬಂದಿತ್ತು. ಅದೊಂದನ್ನು ಬಿಟ್ಟುಬಿಡೇ ಅಂತ ನಾನೇ ಹೇಳಿದೆ. ಕಂಪನಿಯ ಕೆಲಸ, ಮನೆಯ ಕೆಲಸ, ಅದರ ಮೇಲೆ ಇದು. ಅವಳ ದನಿ ಕೇಳಿದರೇ ಸುಸ್ತು ಗೊತ್ತಾಗುತ್ತಿತ್ತು. ಅವಳು ಬಿಡಲಿಲ್ಲ. ಮೀಟಿಂಗ್ ಇದ್ದ ದಿನ ಮಧ್ಯಾಹ್ನ ಬಂದ ವಾಕ್ಯ ಬಹಳ ಸರಳವಾಗಿತ್ತು. ದೊಡ್ಡ ಅಕ್ಷರದ ಒತ್ತು ಯಾವ ಸಾಲಿನವರೆಗೆ ಇಳಿಯುತ್ತೋ, ಆ ಸಾಲೂ ಅಕ್ಷರಕ್ಕೆ ಜಾಗ ಬಿಟ್ಟು ಶುರುವಾಗಬೇಕು. ಅಷ್ಟೇ. ಸ್ಟಾಫ್ ರೂಮಿನಲ್ಲಿ ಮೂರೂ ಜನ ಬರೆದೆವು. ಮೂರೂ ಒಂದೇ.

ಇಷ್ಟು ಸಣ್ಣ ವಾಕ್ಯಕ್ಕೆ ಇಷ್ಟು ಒದ್ದಾಟವಾ ಅಂತ ಕೇಳಬಹುದು. ಒಂದು ಮಾತನ್ನು ಇನ್ನೊಬ್ಬರು ತಪ್ಪು ತಿಳಿಯದ ಹಾಗೆ ಹೇಳೋಕೆ ಪ್ರಯತ್ನ ಮಾಡಿ ನೋಡಿ. ಮನೆಯಲ್ಲೇ ಶುರು ಮಾಡಿ, ಆಮೇಲೆ ನನಗೆ ಹೇಳಿ.

ಅವತ್ತು ಸಂಜೆ ನಾನು ಅಡುಗೆ ಮಾಡುತ್ತಾ ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಸಾರಿನ ಒಗ್ಗರಣೆ ಸೀದಿತು. ಯಾರಿಗೋ ಪರೀಕ್ಷೆ, ಎದೆ ಹೊಡೆದುಕೊಳ್ಳುವುದು ನನ್ನದು. ಕೊನೆಗೂ ಫೋನ್ ಬಂತು.

ಬೇಡಪ್ಪನವರು ಎಲ್ಲರ ಮುಂದೆ ಸ್ಕ್ರಿಪ್ಟ್ ಆಫ್ ಮಾಡಿ ಪುಟ ತೆರೆದರಂತೆ. ನಿಧಾನಕ್ಕೆ ಮೇಲಿಂದ ಕೆಳಗೆ ಓದಿದರಂತೆ. ಡಬ್ಬಗಳೆಲ್ಲ ತುಂಬಿದ್ದವು. ಆಮೇಲೆ ಸ್ಕ್ರಿಪ್ಟ್ ಆನ್ ಮಾಡಿದರಂತೆ. ಆಗ ಗುಂಡಿಗಳು ಬಂದವು. ಅವರು ಮಗುವಿನ ಹಾಗೆ ಒಂದೊಂದೇ ಗುಂಡಿ ಒತ್ತಿ, ಕನ್ನಡದ ಸಾಲು ಹಿಗ್ಗುವುದನ್ನೂ ಕುಗ್ಗುವುದನ್ನೂ ನೋಡಿ, ಇದು ಬಹಳ ಚೆನ್ನಾಗಿದೆ, ಬೇರೆ ಭಾಷೆಯವರೂ ಹೀಗೇ ಮಾಡಿ ಅಂದರಂತೆ. ಅಂದರೆ ಅವಳು ಅಷ್ಟು ಪ್ರೀತಿಯಿಂದ ಮಾಡಿದ ಆಟ ಎಲ್ಲೂ ಹೋಗಲಿಲ್ಲ. ಊಟದ ಕೊನೆಗೆ ಬರುವ ಪಾಯಸದ ಹಾಗೆ ತನ್ನ ಜಾಗದಲ್ಲಿ ಕೂತಿತು.

‘ಬೇಡಪ್ಪ ಬೇಕು ಅಂದ್ರು ಕಣಕ್ಕ’ ಅಂದಳು ಸವಿತಾ.

ದಸ್ತಾವೇಜು ಹೋದ ವಾರ ಪ್ರಕಟವಾಯಿತು. ಕನ್ನಡದ ಅಧ್ಯಾಯ ಒಳಗಿದೆ. ಸವಿತಾ ಗ್ರೂಪಿಗೆ ಲಿಂಕ್ ಹಾಕಿದಳು. ದೊಡ್ಡಪ್ಪ ಎಂದಿನಂತೆ ಹೆಬ್ಬೆಟ್ಟು ಎತ್ತಿದರು. ಎರಡು ವರ್ಷ ಅವಳ ಬೆರಳು ಸವೆದದ್ದು, ಒಂದು ವಾರ ಅವಳು ಅಧ್ಯಾಯವನ್ನೇ ಕೆಡವಿ ಕಟ್ಟಿದ್ದು, ಆ ಪುಟದಲ್ಲಿ ಎಲ್ಲೂ ಕಾಣಲ್ಲ. ಕಾಣಬಾರದು ಅಂತಲೇ ಅವಳ ಆಸೆ. ನನಗೆ ಹಾಗಲ್ಲ, ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಆಸೆ. ಅದಕ್ಕೇ ಬರೆದೆ. ನಾಳೆ ನಿಮ್ಮ ಫೋನಿನಲ್ಲಿ ಒಪ್ಪಿಗೆಯ ಒತ್ತು ಪೂರ್ತಿ ಕಂಡರೆ, ಗುಬ್ಬಿಯ ಒಂದು ಮಹಡಿ ರೂಮನ್ನು ಒಂದು ಗಳಿಗೆ ನೆನೆಸಿಕೊಳ್ಳಿ.

ಹೋದ ಸೋಮವಾರ ಬಸ್ಸು ಹೆಬ್ಬೂರು ದಾಟುತ್ತಿದ್ದ ಹಾಗೆ, ಬೇಕು ಅಂತಲೇ ಕಾದಿದ್ದು, ಸಿಗ್ನಲ್ ಸಾಯುವ ಅದೇ ಜಾಗದಲ್ಲಿ ಪುಟ ತೆರೆದೆ. ತಿಣುಕಿ ತಿಣುಕಿ ಬಂತು. ಗುಂಡಿಗಳು ಬರಲಿಲ್ಲ. ಡಬ್ಬಗಳು ಒಂದೂ ಖಾಲಿ ಇರಲಿಲ್ಲ. ಖುಷಿಯಿಂದ ಕೆಳಗೆ ಇಳಿಯುತ್ತಾ ‘ಶ್ರೀ’ ಹತ್ತಿರ ಬಂದೆ. ಅಲ್ಲಿ ಎರಡು ಡಬ್ಬ. ಒಂದರ ಮೇಲೆ ‘ಸರಿ’, ಅದು ಸವಿತಾಳದ್ದು. ಇನ್ನೊಂದರ ಮೇಲೆ ‘ತಪ್ಪು’. ಅದರಲ್ಲಿ ನಾಲ್ಕನೇ ಸಾಲಿನ ಪದದ ಮೇಲೆ ಕಾಲಿಟ್ಟುಕೊಂಡು ನಿಂತಿದ್ದದ್ದು ನಾನು ಸ್ಟಾಫ್ ರೂಮಿನಲ್ಲಿ ಬರೆದ ‘ಶ್ರೀ’.

ಇಷ್ಟು ವರ್ಷ ಊರ ಮಕ್ಕಳ ತಪ್ಪಿಗೆಲ್ಲ ಕೆಂಪು ಗೆರೆ ಎಳೆದವಳ ತಪ್ಪು ಈಗ ಲೋಕದ ಮುಂದಿದೆ, ಇನ್ನು ಅದನ್ನು ಯಾರೂ ತಿದ್ದುವ ಹಾಗಿಲ್ಲ, ನೋಡೋಕೆ ಯಾವ ಸ್ಕ್ರಿಪ್ಟೂ ಬೇಕಿಲ್ಲ.